ಶುಗರ್ ಇದ್ದವರ ಕಿಡ್ನಿ ಕೆಡುವುದು ರಕ್ತದಲ್ಲಿ ಮೊದಲೇ ಗೊತ್ತಾಗುತ್ತದೆಯೇ?

ನಿಮ್ಮ ಪ್ರಶ್ನೆ: ಗದಗಿನಲ್ಲಿರುವ ಅವ್ವನಿಗೆ 60 ವರ್ಷ, ಶುಗರ್ ಇದೆ, ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ರಕ್ತದ ಕಸ) 1.1 ಬಂದಿದೆ, ಲ್ಯಾಬಿನವರು ನಾರ್ಮಲ್ ಎಂದಿದ್ದಾರೆ, ಸಾಕೇ?

ಸಾಲದು. ಕ್ರಿಯೇಟಿನಿನ್‌ಗೆ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕುವ ಇಜಿಎಫ್‌ಆರ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ನೋಡಿ. 60ರ ಗಂಡಸಿಗೆ 1.1 ಎಂದರೆ ಸುಮಾರು 77. ಅದೇ ವಯಸ್ಸಿನ ಹೆಂಗಸಿಗೆ ಸುಮಾರು 57. ಮೂರು ತಿಂಗಳು 60ರ ಕೆಳಗೇ ನಿಂತರೆ ಅದು ಕಿಡ್ನಿ ಕಾಯಿಲೆ. ಹಾಗಂತ ಒಂದೇ ರಿಪೋರ್ಟ್ ಹಿಡಿದು ಗಾಬರಿಯೂ ಬೇಡ: ಸಾವಜಿ ಖಾನಾವಳಿಯಲ್ಲಿ ಮಟನ್ ಉಂಡು ರಕ್ತ ಕೊಟ್ಟರೂ ಕ್ರಿಯೇಟಿನಿನ್ ಏರುತ್ತದೆ. ಮೈ ಇಳಿದುಹೋದ ಮುದುಕರಲ್ಲಿ ಇದರ ಉಲ್ಟಾ; ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಅಂಥವರಿಗೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತಪರೀಕ್ಷೆ ವಾಸಿ, ಆದರೆ ಥೈರಾಯ್ಡ್ ತೊಂದರೆ ಅಥವಾ ಸ್ಟೀರಾಯ್ಡ್ ಇದ್ದರೆ ಅದೂ ದಾರಿ ತಪ್ಪಿಸುತ್ತದೆ.

ಇವು ಮುಖ್ಯವಾಗಿ ಈಗಿನ ಸ್ಥಿತಿ ಹೇಳುತ್ತವೆ. ಮುಂದಿನ ಅಪಾಯ ಸೂಚಿಸುವವು ರಕ್ತದಲ್ಲಿನ ಬೇರೆ ಪ್ರೋಟೀನ್‌ಗಳು: ಟಿಎನ್‌ಎಫ್ ರಿಸೆಪ್ಟರ್ 1 ಮತ್ತು 2 (ಉರಿಯೂತದ ಸುಳಿವು), ಜೊತೆಗೆ ಕಿಡ್ನಿಯೊಳಗಿನ ಸಣ್ಣ ಕೊಳವೆಗಳಿಗೆ ಪೆಟ್ಟು ಬಿದ್ದಾಗ ಏರುವ ಕಿಮ್-1. ಈ ಮೂರನ್ನೂ ಬಳಸುವ ಪರೀಕ್ಷೆಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದನ್ನು ಹುಡುಕಿಕೊಂಡು ಹುಬ್ಬಳ್ಳಿಯೆಲ್ಲ ಅಲೆಯಬೇಡಿ.

ನೀವು ರಕ್ತದ ಬಗ್ಗೆ ಕೇಳಿದ್ದೀರಿ, ಆದರೆ ಮೂತ್ರದ ಎಸಿಆರ್ (ಮೂತ್ರಕ್ಕೆ ಸೋರುವ ಅಲ್ಬುಮಿನ್ ಪ್ರೋಟೀನಿನ ಅಳತೆ) ಬಿಟ್ಟರೆ ಲೆಕ್ಕ ಅರ್ಧವೇ. ಬೆಳಗಿನ ಮೊದಲ ಮೂತ್ರ ಕೊಡಿ. 30 ದಾಟಿದರೆ ಮೂರರಿಂದ ಆರು ತಿಂಗಳೊಳಗೆ ಇನ್ನೆರಡು ಸಲ ಮಾಡಿಸಿ. ಮೂರರಲ್ಲಿ ಎರಡು ಹೆಚ್ಚಿದ್ದರೆ ಸೋರಿಕೆ ಖಚಿತ. ಜ್ವರ, ಉರಿಮೂತ್ರ ಇದ್ದಾಗ ಕೊಟ್ಟರೆ ಸುಳ್ಳೇ ಏರುತ್ತದೆ. ಎರಡೂ ರಿಪೋರ್ಟ್ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ.