ಕೆರೆಯಲ್ಲಿ ಈಜು ಕಲಿತವರು ಗಾಲಪಗೋಸ್‌ನಲ್ಲಿ ಸ್ನಾರ್ಕೆಲಿಂಗ್ ಮಾಡಬಹುದಾ?

ನೀವು ಕಾಸರಗೋಡಿನ ಕುಂಬಳೆಯವರು, ವಯಸ್ಸು ಐವತ್ತು ದಾಟಿದೆ, ಈಜು ಕಲಿತದ್ದು ಕೆರೆಯಲ್ಲಿ, ಇಕ್ವೆಡಾರ್ ದೇಶದ ಗಾಲಪಗೋಸ್ ದ್ವೀಪಗಳ ಕ್ರೂಸಿಗೆ ಹೋದರೆ ನೀರಿಗಿಳಿಯಲು ಇಷ್ಟು ಸಾಕಾ ಅಂತ ಕೇಳಿದ್ದೀರಿ. ಧಾರಾಳ ಸಾಕು. ನಾನು ಬದಿಯಡ್ಕದವನು, ನನ್ನದೂ ತೋಟದ ಕೆರೆಯ ಈಜೇ. ವೆಟ್‌ಸೂಟ್ ಎಂಬ ರಬ್ಬರಿನ ಈಜುಡುಪು ಹಾಕಿದರೆ ಮೈ ತಾನಾಗಿ ತೇಲುತ್ತದೆ. ಬೇಕೆಂದರೆ ಲೈಫ್ ಜಾಕೆಟ್ ಕೂಡ ಕೇಳಿ ಹಾಕಿಕೊಳ್ಳಬಹುದು. ಕಷ್ಟ ಆಗುವುದು ಬಾಯಲ್ಲಿ ಉಸಿರಾಡಲು. ಒಂದು ಮಾಸ್ಕ್, ಬಾಯಲ್ಲಿ ಕಚ್ಚಿ ಉಸಿರಾಡುವ ಸ್ನಾರ್ಕೆಲ್ ಕೊಳವೆ ತಂದು ತೋಟದ ಕೆರೆಯಲ್ಲೇ ಮುಖ ಮುಳುಗಿಸಿ ಅಭ್ಯಾಸ ಮಾಡಿ. ನೋಡಿದವರು ನಗುತ್ತಾರೆ, ನಗಲಿ. ದಪ್ಪ ಮೀಸೆ ಇದ್ದರೆ ಮಾಸ್ಕಿನೊಳಗೆ ನೀರು ನುಗ್ಗುತ್ತದೆ, ಅದಕ್ಕೂ ಈಗಲೇ ಒಂದು ದಾರಿ ಹುಡುಕಿ!

ಈಜಿಗಿಂತ ಜಾಸ್ತಿ ಯೋಚಿಸಬೇಕಾದದ್ದು ಚಳಿ ಮತ್ತು ದೋಣಿಯ ದಾರಿ. ಭೂಮಧ್ಯರೇಖೆ ಆ ದ್ವೀಪಗಳ ಮೇಲೇ ಹಾದುಹೋಗುತ್ತದೆ, ಆದರೆ ನೀರು ನಮ್ಮ ಕಡಲಿನಷ್ಟು ಬೆಚ್ಚಗಿಲ್ಲ. ದಕ್ಷಿಣದಿಂದ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಬರುತ್ತದೆ. ಪಶ್ಚಿಮದಲ್ಲಿ ಆಳದ ತಣ್ಣೀರು ಮೇಲೇಳುತ್ತದೆ. ಜೂನ್‌ನಿಂದ ನವೆಂಬರ್‌ವರೆಗೆ ಹಲ್ಲು ಕಟಕಟ ಅನ್ನುವುದು ಖಂಡಿತ. ಮೊದಲ ಸಲ ಹೋಗುವವರಿಗೆ ಮಾರ್ಚ್, ಏಪ್ರಿಲ್ ಒಳ್ಳೆಯದು. ಹಾಗಂತ ಆ ತಣ್ಣೀರನ್ನು ಬೈಯುವ ಹಾಗಿಲ್ಲ. ಮೀನಿಗೆ, ಪಾಚಿಗೆ ಬೇಕಾದ ಸಾರ ತರುವುದು ಅದೇ. ಅದಿಲ್ಲದಿದ್ದರೆ ಅಲ್ಲಿ ಪೆಂಗ್ವಿನ್‌ಗಳು ಇರುತ್ತಲೇ ಇರಲಿಲ್ಲ.

ಒಂದೇ ದೋಣಿ ಬೇರೆ ಬೇರೆ ವಾರ ಬೇರೆ ದಾರಿ ಹಿಡಿಯುತ್ತದೆ. ಹಾಗಾಗಿ ದೋಣಿಯ ಫೋಟೋ ನೋಡಿ ಮರುಳಾಗಬೇಡಿ, ಆ ವಾರದ ದಾರಿ ಕೇಳಿ. ನನ್ನ ಓಟು ಇಸಬೆಲಾ, ಫರ್ನಾಂಡಿನಾ ಇರುವ ಪಶ್ಚಿಮದ ದಾರಿಗೆ. ಕಡಲತಳದ ಕೆಳಗೆ ಒಂದು ಬಿಸಿಜಾಗ ಇದೆ, ಅಲ್ಲಿಂದ ಲಾವಾ ಉಕ್ಕಿ ದ್ವೀಪ ಹುಟ್ಟುತ್ತದೆ. ಅದರ ಮೇಲೆ ಭೂಫಲಕ ಪೂರ್ವಕ್ಕೆ ಸರಿಯುತ್ತಾ ಹೋಗುತ್ತದೆ. ಹಾಗಾಗಿ ಪೂರ್ವದ ದ್ವೀಪಗಳು ಹಳೆಯವು, ಸವೆದವು. ಪಶ್ಚಿಮದವು ಎಳೆಯವು, ಈಗಲೂ ಬೆಂಕಿ ಉಗುಳುತ್ತವೆ. ಫರ್ನಾಂಡಿನಾ 2024ರ ಮಾರ್ಚಿನಲ್ಲೂ ಸಿಡಿದಿತ್ತು. ಕೆಲವೆಡೆ ಕಪ್ಪು ಲಾವಾ, ಬಾವಿಹಗ್ಗ ಸುತ್ತಿಟ್ಟ ಹಾಗೆ, ಸುರುಳಿ ಸುರುಳಿಯಾಗಿ ಗಟ್ಟಿಯಾಗಿದೆ. ಅದರ ಮೇಲೆ ಕಡಲ ಇಗ್ವಾನಾ ಎಂಬ ದೊಡ್ಡ ಹಲ್ಲಿಗಳು ರಾಶಿ ಬಿದ್ದಿರುತ್ತವೆ, ನಡುನಡುವೆ ಮೂಗಿನಿಂದ ಉಪ್ಪುನೀರು ಚಿಮ್ಮಿಸುತ್ತವೆ. ರೆಕ್ಕೆ ಇದ್ದೂ ಹಾರಲಾಗದ ನೀರುಕಾಗೆ ಇರುವುದು ಇಡೀ ಲೋಕದಲ್ಲಿ ಇಸಬೆಲಾ, ಫರ್ನಾಂಡಿನಾ ದ್ವೀಪಗಳ ದಡದಲ್ಲಿ ಮಾತ್ರ.

ನೀರೊಳಗಿನದ್ದು ಇನ್ನೂ ಚೆಂದ. ಆ ಇಗ್ವಾನಾಗಳೇ ತಳಕ್ಕಿಳಿದು ಬಂಡೆಯ ಪಾಚಿ ಕೆರೆದು ತಿನ್ನುವುದನ್ನು ಮೇಲೆ ತೇಲುತ್ತಾ ನೋಡಿದೆ. ಅಲೆ ಬಂದಾಗ ಅದೂ ಓಲಾಡುತ್ತದೆ, ನಾವೂ ಓಲಾಡುತ್ತೇವೆ. ಇಸಬೆಲಾದ ಪುಂತಾ ವಿಸೆಂತೆ ರೋಕಾ ಎಂಬಲ್ಲಿ ಕಡಲಾಮೆಗಳು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಪಕ್ಕದಲ್ಲೇ ಹಾದುಹೋದವು. ಕಡಲಸಿಂಹದ ಮರಿಗಳದ್ದು ಮಾತ್ರ ತುಂಟತನ, ಮಾಸ್ಕಿನ ಹತ್ತಿರಕ್ಕೇ ಬಂದು ಗುಳ್ಳೆ ಬಿಟ್ಟು ತಿರುಗಿ ಓಡುತ್ತವೆ. ಅವು ಬರಲಿ, ನೀವು ಹೋಗಬೇಡಿ. ಎರಡು ಮೀಟರ್ ದೂರ ಇರಬೇಕು, ಮುಟ್ಟಬಾರದು, ತಿನ್ನಲು ಹಾಕಬಾರದು. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಮೊಸಳೆ ಬಬಿಯಾನಿಗೆ ನೈವೇದ್ಯ ಕೊಟ್ಟು ಅಭ್ಯಾಸ ಇರುವ ನಮ್ಮ ಕಡೆಯವರಿಗೆ ಇದು ಸ್ವಲ್ಪ ಕಷ್ಟವೇ, ಅಲ್ವಾ? ಗೈಡ್ ಇಲ್ಲದೆ ರಾಷ್ಟ್ರೀಯ ಉದ್ಯಾನದ ಹೆಚ್ಚಿನ ಜಾಗಗಳಲ್ಲಿ ಇಳಿಯುವ ಹಾಗೂ ಇಲ್ಲ.

ರಾತ್ರಿ ದ್ವೀಪದಿಂದ ದ್ವೀಪಕ್ಕೆ ಹೋಗುವಾಗ ದೋಣಿ ಚೆನ್ನಾಗಿ ತೂಗುತ್ತದೆ, ವಾಂತಿಯ ಮಾತ್ರೆ ಇಟ್ಟುಕೊಳ್ಳಿ. ವಿದೇಶಿಯರಿಗೆ ಉದ್ಯಾನದ ಶುಲ್ಕ 2024ರ ಆಗಸ್ಟಿನಿಂದ 200 ಡಾಲರ್. ನಮಗೆ ಇಕ್ವೆಡಾರ್ ವೀಸಾ ಬೇಕು. ಹಳದಿ ಜ್ವರದ ಚುಚ್ಚುಮದ್ದು ಹೋಗುವ ಹತ್ತು ದಿನ ಮೊದಲಾದರೂ ಆಗಿರಲಿ. ಆ ಕಾರ್ಡ್ ಇಲ್ಲದೆ ಇಕ್ವೆಡಾರ್‌ನಿಂದ ಭಾರತಕ್ಕೆ ವಾಪಸ್ ಬಂದರೆ ವಿಮಾನ ನಿಲ್ದಾಣದಿಂದ ಸೀದಾ ಕ್ವಾರಂಟೈನ್.

ಸಸ್ಯಾಹಾರಿ ಆದರೆ ಬುಕ್ ಮಾಡುವಾಗಲೇ ಹೇಳಿ. ಅನ್ನದ ಜೊತೆ ಬೇಳೆಯದ್ದೋ ಬೀನ್ಸಿನದ್ದೋ ಮೆನೆಸ್ತ್ರಾ ಸಿಗುತ್ತದೆ, ಖಾರ ಮಾತ್ರ ಇರುವುದಿಲ್ಲ. ಮಿಡಿ ಉಪ್ಪಿನಕಾಯಿ ಮನೆಯಲ್ಲೇ ಬಿಡಿ. ದ್ವೀಪಕ್ಕೆ ಹಣ್ಣು, ಬೀಜ ಹೋಗಬಾರದು ಅಂತ ವಿಮಾನ ಹತ್ತುವ ಮೊದಲೇ ಬ್ಯಾಗ್ ತಪಾಸಣೆ ಇದೆ.