ಗೊಬ್ಬರ ಹಾಕಿದರೆ ಮೆದುಳು ಬೆಳೆಯುತ್ತಾ?

ಪ್ರಶ್ನೆ: ನಮ್ಮ ಮಾವನವರಿಗೆ ಹೋದ ವರ್ಷ ಲಕ್ವ ಹೊಡೆಯಿತು. ಬಲಗೈ ಇನ್ನೂ ಸರಿಯಾಗಿ ಏಳುವುದಿಲ್ಲ. ಗ್ರೋತ್ ಫ್ಯಾಕ್ಟರ್ ಹಾಕಿದರೆ ಮೆದುಳಿನ ಸ್ಟೆಮ್ ಸೆಲ್‌ಗಳು ಹೆಚ್ಚುತ್ತವೆ ಅಂತ ಬಿಎಸ್ಸಿ ಓದುವ ಮಗಳು ಹೇಳುತ್ತಾಳೆ. ಹಾಗಿದ್ದರೆ ಅದನ್ನೇ ಇಂಜೆಕ್ಷನ್ ಕೊಡಬಾರದೇ?
ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳು ಹೇಳಿದ್ದು ಸರಿ. ಆದರೆ ಅದು ಲ್ಯಾಬಿನ ತಟ್ಟೆಯಲ್ಲಿ, ಪ್ರಾಣಿಗಳಲ್ಲಿ ಕಂಡ ಮಾತು. ಸ್ಟೆಮ್ ಸೆಲ್ ಎಂದರೆ ಒಡೆದು ಹೆಚ್ಚುತ್ತಾ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಮೂಲಕೋಶ.

1992ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ಬ್ರೆಂಟ್ ರೆನಾಲ್ಡ್ಸ್ ಮತ್ತು ಸ್ಯಾಮುಯೆಲ್ ವೈಸ್ ಪ್ರಾಯದ ಇಲಿಗಳ ಮೆದುಳಿನಿಂದ ಕೋಶಗಳನ್ನು ತೆಗೆದು, ಇಜಿಎಫ್ ಎಂಬ ಗ್ರೋತ್ ಫ್ಯಾಕ್ಟರ್ (ಕೋಶಕ್ಕೆ ‘ಬೆಳಿ’ ಎನ್ನುವ ಪ್ರೋಟೀನು) ಹಾಕಿ ಸಾಕಿದರು. ಹೆಚ್ಚಿನವು ಸತ್ತವು. ಉಳಿದ ಕೆಲವು ಒಂದು ಎರಡಾಗಿ, ಎರಡು ನಾಲ್ಕಾಗಿ ಪುಟ್ಟ ಉಂಡೆ ಕಟ್ಟಿದವು, ಆ ಉಂಡೆಗಳಿಂದ ಹೊಸ ನರಕೋಶಗಳೂ ಬಂದವು. (ಈ ಇಜಿಎಫ್ ಮೊದಲು ಸಿಕ್ಕಿದ್ದು ಇಲಿಯ ಜೊಲ್ಲುಗ್ರಂಥಿಯಲ್ಲಿ! ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್‌ಗೆ 1986ರಲ್ಲಿ ನೊಬೆಲ್ ಬಂತು.)

ನಿಮ್ಮ ಕಡೆ ಕಾಳುಮೆಣಸಿನ ಬಳ್ಳಿ ನೋಡಿರುತ್ತೀರಿ. ಬುಡಕ್ಕೆ ಎಷ್ಟೇ ಗೊಬ್ಬರ ಸುರಿದರೂ ಹಿಡಿದು ಹತ್ತೋಕೆ ಮರ ಇಲ್ಲದಿದ್ದರೆ ನೆಲದಲ್ಲೇ ಹರಿದಾಡುತ್ತೆ, ಅಲ್ವಾ? ಈ ಕೋಶಗಳೂ ಹಾಗೆಯೇ. ಗ್ರೋತ್ ಫ್ಯಾಕ್ಟರ್ ಗೊಬ್ಬರ. ಹಿಡಿದುಕೊಳ್ಳುವ ಬೇರು ಎಂದರೆ ಕೋಶದ ಮೈಮೇಲಿರುವ ಇಂಟೆಗ್ರಿನ್ ಎಂಬ ಪ್ರೋಟೀನು, ಅದು ಸುತ್ತಲಿನ ಲ್ಯಾಮಿನಿನ್‌ನಂಥ ವಸ್ತುವನ್ನು ಕಚ್ಚಿಕೊಳ್ಳುತ್ತೆ. ಸುಮ್ನೆ ಅಂಟಿಕೊಳ್ಳುವುದಷ್ಟೇ ಅದರ ಕೆಲಸ ಅಂದುಕೊಳ್ಳಬೇಡಿ. ‘ಕಾಲೂರಲು ಜಾಗ ಇದೆ’ ಅನ್ನೋ ಸುದ್ದಿಯನ್ನು ಅದು ಕೋಶದ ಒಳಗೂ ಮುಟ್ಟಿಸುತ್ತೆ, ಅದೂ ಗ್ರೋತ್ ಫ್ಯಾಕ್ಟರ್‌ನ ಸುದ್ದಿ ಓಡಾಡುವ ಎಂಎಪಿ ಕೈನೇಸ್ ಎಂಬ ದಾರಿಯಲ್ಲೇ. ಎರಡೂ ಸೇರಿದಾಗ ಕೋಶ ಚೆನ್ನಾಗಿ ಒಡೆದು ಎರಡಾಗುತ್ತೆ. ಹಿಡಿತ ತಪ್ಪಿದರೆ ಆ ಸುದ್ದಿಯ ಜೋರು ಕಡಿಮೆ. ‘ಹಾಗಾದರೆ ತಟ್ಟೆಯ ಉಂಡೆಗಳು ತೇಲುತ್ತಾ ಹೇಗೆ ಬೆಳೆದವು?’ ಅಂತ ಮಗಳು ಖಂಡಿತ ಕೇಳುತ್ತಾಳೆ. ಅಲ್ಲಿ ಕೋಶಗಳು ತಾವೇ ಲ್ಯಾಮಿನಿನ್ ತಯಾರಿಸಿಕೊಂಡು ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಮರ ಇಲ್ಲದ ಕಡೆ ಮರವನ್ನೇ ಮಾಡಿಕೊಂಡ ಹಾಗೆ!

ಈಗ ಇಂಜೆಕ್ಷನ್ ವಿಷಯ. 1990ರ ದಶಕದಲ್ಲೇ ಇಲಿ, ಹೆಗ್ಗಣಗಳ ಮೆದುಳಿನೊಳಗಿನ ದ್ರವಕ್ಕೆ ಇಜಿಎಫ್ ಹರಿಸಿ ನೋಡಿದ್ದಾರೆ. ಕೋಶಗಳೇನೋ ಜಾಸ್ತಿಯಾದವು. ಆದರೆ ಹೆಗ್ಗಣದಲ್ಲಿ ವಾಸನೆ ಗ್ರಹಿಸುವ ಭಾಗಕ್ಕೆ ಹೋಗಿ ಸೇರಬೇಕಿದ್ದ ಹೊಸ ನರಕೋಶಗಳು ಕಡಿಮೆಯಾಗಿ, ನರಕೋಶಗಳಿಗೆ ಆಸರೆಯಾಗುವ ಗ್ಲಿಯಾ ಕೋಶಗಳು ಹೆಚ್ಚಿದವು. ಸೊಪ್ಪು ಬಂತು, ಕಾಳು ಬರಲಿಲ್ಲ. ಇನ್ನೂ ಭಯದ ವಿಷಯವೆಂದರೆ, ಗ್ಲಿಯೊಬ್ಲಾಸ್ಟೋಮ ಎಂಬ ಮೆದುಳಿನ ಕ್ಯಾನ್ಸರ್‌ನಲ್ಲಿ ಇಜಿಎಫ್ ಹಿಡಿಯುವ ರಿಸೆಪ್ಟರಿನ ಜೀನ್ ಎಷ್ಟೋ ಸಲ ವಿಪರೀತ ಹೆಚ್ಚಿರುತ್ತೆ. ಕೋಶಕ್ಕೆ ‘ಬೆಳಿ’ ಅನ್ನೋದು ಸುಲಭ, ‘ಸಾಕು’ ಅನ್ನೋದೇ ಕಷ್ಟ.

ಹಾಗಾಗಿ ಮಾವನವರಿಗೆ ಇದು ಬೇಡ. ಲಕ್ವಕ್ಕೆ ಸ್ಟೆಮ್ ಸೆಲ್ ಚಿಕಿತ್ಸೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಒಪ್ಪಿದ್ದು ರಕ್ತದ ಕಾಯಿಲೆಗಳಂಥ ಕೆಲವು ನಿಗದಿತ ಕಾಯಿಲೆಗಳಿಗೆ ಮಾಡುವ ರಕ್ತದ ಸ್ಟೆಮ್ ಸೆಲ್ ಕಸಿಯನ್ನು ಮಾತ್ರ, ಉಳಿದದ್ದು ಸಂಶೋಧನೆ, ಅದಕ್ಕೆ ರೋಗಿಯಿಂದ ದುಡ್ಡು ವಸೂಲು ಮಾಡುವಂತಿಲ್ಲ. ಫಿಸಿಯೋಥೆರಪಿ ನಿಂತಿದ್ದರೆ ಮತ್ತೆ ಶುರು ಮಾಡಿಸಿ. ವರ್ಷ ಕಳೆದ ಮೇಲೂ ಕೈ ಸ್ವಲ್ಪ ಸುಧಾರಿಸಬಹುದು.