ಕಟಿಂಗ್ ಶಾಪ್‌ಗೆ ಯಾವ ವಿಮೆ?

ಪ್ರಶ್ನೆ: ಬಾಡಿಗೆ ಮಳಿಗೆಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದೇನೆ ಸಾರ್. ಯಾವ ವಿಮೆ ಮಾಡಿಸಲಿ?
– ಓದುಗರು, ಮಂಡ್ಯ

ಉತ್ತರ: ಕಟ್ಟಡದ ವಿಮೆ ಮಾಲೀಕರ ತಲೆನೋವು, ನೀವು ಒಳಗಿನ ಕುರ್ಚಿ, ಕನ್ನಡಿ, ಎಸಿಗೆ ಮಾಡಿಸಿ. 2021ರಿಂದ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಪಾಲಿಸಿ ಇದೆ, 5 ಕೋಟಿ ರೂಪಾಯಿವರೆಗಿನ ಆಸ್ತಿಗೆ. ಬೆಂಕಿ, ನೆರೆ, ಭೂಕಂಪ ಅದರಲ್ಲಿ ಬರುತ್ತವೆ. ಆದರೆ ರಾತ್ರಿ ಯಾರೋ ಷಟರ್ ಮುರಿದು ಟ್ರಿಮ್ಮರ್ ಎತ್ತಿಕೊಂಡು ಹೋದರೆ ಬಿಡಿಗಾಸೂ ಸಿಗಲ್ಲ, ಕಳ್ಳತನಕ್ಕೆ ಬೇರೆ ವಿಮೆ ಬೇಕು, ಇಲ್ಲವೇ ಎರಡೂ ಸೇರಿರುವ ಅಂಗಡಿ ಪ್ಯಾಕೇಜ್ ತಗೊಳ್ಳಿ. ಗಿರಾಕಿಗೆ ಕತ್ತಿ ತಗುಲಿದರೆ, ಡೈನಿಂದ ಚರ್ಮ ಸುಟ್ಟರೆ? ಅದಕ್ಕೆ ಹೊಣೆಗಾರಿಕೆ ವಿಮೆ, ಅಂದರೆ ಗಿರಾಕಿಗೆ ನೀವು ಕೊಡಬೇಕಾದ ಪರಿಹಾರ ಭರಿಸುವ ವಿಮೆ. ಗಿರಾಕಿ ಅಂಗಡಿಯಲ್ಲಿ ಜಾರಿ ಬಿದ್ದದ್ದಷ್ಟೇ ಅಲ್ಲ, ನಿಮ್ಮ ಕೆಲಸದ ಎಡವಟ್ಟೂ ಸೇರಿದೆಯಾ ಅಂತ ಬರಹದಲ್ಲೇ ಕೇಳಿ. ಪ್ರೀಮಿಯಂ ಉಳಿಸೋಕೆ ಸಾಮಾನಿನ ಬೆಲೆ ಜಾಸ್ತಿ ಇಳಿಸಿ ತೋರಿಸಬೇಡಿ, ಆಮೇಲೆ ಕ್ಲೇಮಿಗೇ ಕತ್ತರಿ! ನಿಮ್ಮ ಕೈಯೇ ಬಂಡವಾಳ ಅಲ್ವಾ, ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ‘ಸುರಕ್ಷಾ ಬಿಮಾ’ ಅಪಘಾತ ವಿಮೆಯನ್ನೂ ಮಾಡಿಸಿ.